ಮೆದು ಜೆಲ್ಲಿನ ಬಿಗಿತ: ಅಂಕಿಯ ಜೊತೆ ಅಳೆದ ಬಗೆಯೂ ಬೇಕು

ಕಣ್ಣಿಗೆ ಹಾಕುವ ಮೆದು ಕಾಂಟ್ಯಾಕ್ಟ್ ಲೆನ್ಸ್, ಸುಟ್ಟ ಗಾಯದ ಮೇಲೆ ಹರಡುವ ತಂಪು ಪಟ್ಟಿ, ಮುಖದ ಸುಕ್ಕು ತುಂಬಲು ಚುಚ್ಚುವ ಫಿಲ್ಲರ್, ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಗುದನಾಳಕ್ಕೆ ಪೆಟ್ಟಾಗದಿರಲೆಂದು ನಡುವೆ ತುಂಬುವ ವಸ್ತು. ನೋಟದಲ್ಲೂ ಬಳಕೆಯಲ್ಲೂ ಬೇರೆಬೇರೆಯಾಗಿರುವ ಇವುಗಳಲ್ಲಿ ಹೆಚ್ಚಿನವು ಹೈಡ್ರೋಜೆಲ್ ಎಂಬ ಒಂದೇ ಕುಲಕ್ಕೆ ಸೇರಿದವು. ಬಿಟ್ಟರೆ ನೀರಿನಲ್ಲಿ ಕರಗಿಹೋಗುವ ಉದ್ದುದ್ದ ಪಾಲಿಮರ್ ಎಳೆಗಳನ್ನು ಅಲ್ಲಲ್ಲಿ ಒಂದಕ್ಕೊಂದು ಕಟ್ಟಿಹಾಕಿದರೆ ಅವು ಕರಗಲಾರವು. ಮೀನಿನ ಬಲೆಯ ಗಂಟುಗಳಂತೆ ಈ ಅಡ್ಡಕೊಂಡಿಗಳು ಎಳೆಗಳನ್ನು ಹಿಡಿದಿಡುತ್ತವೆ, ಬಲೆ ನೀರನ್ನು ಹೀರಿ ಉಬ್ಬಿ ನಿಲ್ಲುತ್ತದೆ. ದೇಹದ ಒಳಗೆ ಇಂಥ ವಸ್ತು ಒಗ್ಗೀತು ಎಂಬ ವಿಚಾರವನ್ನು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದವರು ಚೆಕ್ ರಸಾಯನ ವಿಜ್ಞಾನಿಗಳಾದ ಒಟ್ಟೊ ವಿಖ್ಟರ್ಲೆ ಮತ್ತು ಡ್ರಾಹೊಸ್ಲಾವ್ ಲಿಮ್. ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮಕ್ಕಳ ಆಟಿಕೆಯ ಲೋಹದ ತುಂಡುಗಳನ್ನು ಜೋಡಿಸಿ ಮಾಡಿದ ಯಂತ್ರದಲ್ಲಿ ಮೆದು ಲೆನ್ಸುಗಳನ್ನು ಎರಕ ಹೊಯ್ದರು. ಆಗ ಮುಖ್ಯ ಪ್ರಶ್ನೆ ಇದ್ದದ್ದು ಕಣ್ಣು ಇದನ್ನು ಸಹಿಸೀತೇ ಎಂಬುದು. ಇಂದು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಈ ಜೆಲ್ ಎಷ್ಟು ಬಿಗಿ?

ಈ ಪ್ರಶ್ನೆಗೆ ಸಂಶೋಧನಾ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಅಂಕಿ. ‘ನಮ್ಮ ಜೆಲ್ಲಿನ ಬಿಗಿತ 10 ಕಿಲೊಪಾಸ್ಕಲ್, ಸ್ನಾಯುವಿನಷ್ಟೇ’ ಎಂದು ಬರೆದರೆ ಓದುಗರು ಅದನ್ನು ವಸ್ತುವಿನ ತೂಕ ಅಥವಾ ಸಾಂದ್ರತೆಯಂಥದೇ ಒಂದು ಗುಣ ಎಂದುಕೊಳ್ಳುತ್ತಾರೆ. ನನ್ನ ವಾದ ಇಷ್ಟೇ: ಉಕ್ಕಿನ ವಿಷಯದಲ್ಲಿ ಈ ನಂಬಿಕೆ ನಡೆಯುತ್ತದೆ, ನೀರು ತುಂಬಿದ ಜೆಲ್ಲಿನ ವಿಷಯದಲ್ಲಿ ನಡೆಯುವುದಿಲ್ಲ. ಜೆಲ್ಲಿನ ಬಿಗಿತ ಎಂಬುದು ಅದನ್ನು ಹೇಗೆ, ಎಷ್ಟು ಬೇಗ, ಎಷ್ಟು ಅಗಲದ ಸಾಧನದಿಂದ, ಯಾವ ಸ್ಥಿತಿಯಲ್ಲಿ ಒತ್ತಿದೆವು ಎಂಬುದರ ಮೇಲೆ ನಿಂತಿದೆ. ಆ ವಿವರವಿಲ್ಲದ ಅಂಕಿ ಅರ್ಧ ಮಾಹಿತಿ. ಅರ್ಧ ಮಾಹಿತಿಯ ಮೇಲೆ ಚಿಕಿತ್ಸೆ ಕಟ್ಟಲು ಹೊರಟಾಗ ಅದರ ಬೆಲೆ ತೆರುವವರು ರೋಗಿಗಳು.

ಬಿಗಿತಕ್ಕೆ ಇಷ್ಟೊಂದು ಮಹತ್ವ ಬಂದದ್ದು ಜೀವಕೋಶಗಳಿಂದ. ಕೋಶವೊಂದು ತಾನು ಕೂತ ನೆಲವನ್ನು ಹಿಡಿದು ಎಳೆದು ನೋಡುತ್ತದೆ. ನೆಲ ಎಷ್ಟು ಮಣಿಯಿತು ಎಂಬುದರ ಮೇಲೆ ತನ್ನ ಆಕಾರ, ಚಲನೆ, ಕೊನೆಗೆ ತನ್ನ ಕಸುಬನ್ನೂ ಬದಲಿಸಿಕೊಳ್ಳಬಲ್ಲದು. 1997ರಲ್ಲಿ ಪೆಲ್ಹಮ್ ಮತ್ತು ವಾಂಗ್ ಎಂಬ ಸಂಶೋಧಕರು ಪಾಲಿಅಕ್ರಿಲಮೈಡ್ ಜೆಲ್ಲಿನ ಮೇಲೆ ಕೋಶಗಳನ್ನು ಬೆಳೆಸಿ, ಮೆದು ನೆಲದ ಮೇಲೆ ಅವುಗಳ ಹಿಡಿತವೂ ಓಡಾಟವೂ ಬೇರೆಯಾಗುವುದನ್ನು ತೋರಿಸಿದರು. 2006ರಲ್ಲಿ ಆಡಮ್ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಸಂಗಡಿಗರು ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ದೊಡ್ಡ ಸುದ್ದಿಯಾಯಿತು. ಮೂಳೆ ಮಜ್ಜೆಯಿಂದ ಬಂದ ಕಾಂಡಕೋಶಗಳನ್ನು 0.1ರಿಂದ 1 ಕಿಲೊಪಾಸ್ಕಲ್‌ನ ಮೆದು ಜೆಲ್ಲಿನ ಮೇಲಿಟ್ಟರೆ ಅವು ನರಕೋಶದ ಲಕ್ಷಣ ತೋರಿದವು. 8ರಿಂದ 17ರ ನಡುವಿನದರ ಮೇಲೆ ಸ್ನಾಯುವಿನ ಕಡೆಗೆ, 25ರಿಂದ 40ರ ನಡುವಿನದರ ಮೇಲೆ ಮೂಳೆಯ ಕಡೆಗೆ ವಾಲಿದವು. 2010ರಲ್ಲಿ ಹೆಲೆನ್ ಬ್ಲೌ ಅವರ ತಂಡ ಇಲಿಯ ಸ್ನಾಯುವಿನ ಕಾಂಡಕೋಶಗಳನ್ನು 12 ಕಿಲೊಪಾಸ್ಕಲ್‌ನ ಜೆಲ್ಲಿನ ಮೇಲೆ ಬೆಳೆಸಿ, ಅವು ತಮ್ಮ ಮರುಹುಟ್ಟಿನ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ ಎಂದು ತೋರಿಸಿತು. ಪ್ರಯೋಗಾಲಯಗಳಲ್ಲಿ ಕೋಶ ಬೆಳೆಸಲು ಬಳಸುವ ಮಾಮೂಲಿ ಪ್ಲಾಸ್ಟಿಕ್ ತಟ್ಟೆಯ ಬಿಗಿತ 30 ಲಕ್ಷ ಕಿಲೊಪಾಸ್ಕಲ್ ಆಸುಪಾಸಿನದು. ಅದರ ಮೇಲೆ ಆ ಶಕ್ತಿ ಬೇಗ ನಶಿಸುತ್ತದೆ. ಅಂದ ಮೇಲೆ 8 ಮತ್ತು 25ರ ನಡುವಿನ ಅಂತರ ಬರೀ ಲೆಕ್ಕದ ಮಾತಾಗಿ ಉಳಿಯಲಿಲ್ಲ. ಸ್ನಾಯು ಬೇಕಾದ ಕಡೆ ಮೂಳೆಯ ಗುಣ ಬರುತ್ತದೋ ಇಲ್ಲವೋ ಎಂಬುದು ಅದರ ಮೇಲೆ ನಿಲ್ಲಬಹುದು.

ಜೆಲ್ಲನ್ನು ಬಿಗಿಗೊಳಿಸುವುದು ಅಡ್ಡಕೊಂಡಿಗಳ ಸಂಖ್ಯೆ. ರಬ್ಬರಿನ ಸಿದ್ಧಾಂತದಿಂದ ಬಂದ ಸರಳ ಸೂತ್ರವೊಂದರ ಪ್ರಕಾರ, ಕೊಂಡಿಯಿಂದ ಕೊಂಡಿಗೆ ಚಾಚಿದ ಎಳೆಗಳು ಒಂದು ಘನಮೀಟರಿನಲ್ಲಿ ಎಷ್ಟು ಮೋಲ್ ಇವೆಯೋ ಅದನ್ನು ಅನಿಲ ಸ್ಥಿರಾಂಕದಿಂದಲೂ ಕೆಲ್ವಿನ್ ಉಷ್ಣತೆಯಿಂದಲೂ ಗುಣಿಸಿದರೆ ಜೆಲ್ಲಿನ ತಿರುಚುವಿಕೆಯ ಬಿಗಿತ ಸಿಗುತ್ತದೆ. ದೇಹದ ಶಾಖದಲ್ಲಿ, ಅಂದರೆ 310 ಕೆಲ್ವಿನ್‌ನಲ್ಲಿ, ಘನಮೀಟರಿಗೆ ಒಂದು ಮೋಲ್ ಎಳೆಗಳಿದ್ದರೆ ಅದು ಸುಮಾರು 2.6 ಕಿಲೊಪಾಸ್ಕಲ್. ಅಷ್ಟು ಅಲ್ಪ ಪ್ರಮಾಣದ ಕೊಂಡಿಗಳೇ ಒಂದು ಅಂಗಾಂಶದ ಮೆದುತನವನ್ನು ತಂದುಕೊಡುತ್ತವೆ. ಪಾಲಿಅಕ್ರಿಲಮೈಡ್ ಜೆಲ್ಲಿನಲ್ಲಿ ಅಕ್ರಿಲಮೈಡನ್ನು ಶೇ 10ರಲ್ಲೇ ಇಟ್ಟು, ಕೊಂಡಿ ಹಾಕುವ ಬಿಸ್‌ಅಕ್ರಿಲಮೈಡನ್ನು ಶೇ 0.1ರಿಂದ ಶೇ 0.3ಕ್ಕೆ ಏರಿಸಿದರೆ ಬಿಗಿತ ಸುಮಾರು 10ರಿಂದ ಸುಮಾರು 35 ಕಿಲೊಪಾಸ್ಕಲ್‌ಗೆ ಜಿಗಿಯುತ್ತದೆ. ಇದರಲ್ಲಿ ಎರಡು ಪಾಠಗಳಿವೆ. ಬಿಗಿತವನ್ನು ಬೇಕಾದಂತೆ ಹೊಂದಿಸುವುದು ಸುಲಭ, ಇದು ಒಳ್ಳೆಯ ಸುದ್ದಿ. ಆದರೆ ಸೂತ್ರ ಎಲ್ಲ ಕೊಂಡಿಗಳೂ ಸರಿಯಾಗಿ ಬಿದ್ದಿವೆ ಎಂದುಕೊಳ್ಳುತ್ತದೆ; ನಿಜದ ಜೆಲ್ಲಿನಲ್ಲಿ ಕೆಲವು ಎಳೆಗಳು ತಮ್ಮನ್ನೇ ತಾವು ಸುತ್ತಿಕೊಂಡು ಕುಣಿಕೆಯಾಗುತ್ತವೆ, ಕೆಲವು ಒಂದು ತುದಿಯಲ್ಲಿ ಮಾತ್ರ ಅಂಟಿ ನೇತಾಡುತ್ತವೆ. ಅವು ಭಾರ ಹೊರುವುದಿಲ್ಲ. ಆದ್ದರಿಂದ ಪಾತ್ರೆಗೆ ಹಾಕಿದ ಸಾಮಗ್ರಿಯ ಲೆಕ್ಕದಿಂದ ಬಿಗಿತವನ್ನು ಹೇಳಿಬಿಡಲು ಬರುವುದಿಲ್ಲ. ಅಳೆಯಲೇಬೇಕು.

ಅಳೆಯುವ ಅತಿ ಸರಳ ವಿಧಾನವನ್ನೇ ಹತ್ತಿರದಿಂದ ನೋಡೋಣ. 8 ಮಿಲಿಮೀಟರ್ ಅಡ್ಡಳತೆ, 4 ಮಿಲಿಮೀಟರ್ ದಪ್ಪದ ಅಚ್ಚಿನಲ್ಲಿ ಜೆಲ್ಲಿನ ಬಿಲ್ಲೆ ಮಾಡಿ, ಎರಡು ಚಪ್ಪಟೆ ಫಲಕಗಳ ನಡುವೆ ಇಟ್ಟು, ದಪ್ಪದ ಹತ್ತನೇ ಒಂದು ಭಾಗದಷ್ಟು, ಅಂದರೆ 0.4 ಮಿಲಿಮೀಟರ್ ಒತ್ತುತ್ತೇವೆ. ಬಿಗಿತ 10 ಕಿಲೊಪಾಸ್ಕಲ್ ಇದ್ದರೆ ಅದಕ್ಕೆ ಬೇಕಾಗುವ ಬಲ ಬರೀ 5 ಗ್ರಾಂ ತೂಕದಷ್ಟು. ಇಷ್ಟು ಸಣ್ಣ ಬಲದಲ್ಲಿ ಫಲಕ ಜೆಲ್ಲನ್ನು ನಿಜವಾಗಿ ಮುಟ್ಟಿದ ಕ್ಷಣ ಯಾವುದೆಂದು ಗುರುತಿಸುವುದೇ ಕಷ್ಟ. 0.1 ಮಿಲಿಮೀಟರ್ ಮೊದಲೇ ಮುಟ್ಟಿತು ಎಂದುಕೊಂಡರೆ ನಿಜವಾಗಿ ಒತ್ತಿದ್ದು 0.3 ಮಿಲಿಮೀಟರ್ ಮಾತ್ರ. ಬಲವನ್ನು ನೇರ ಭಾಗಿಸಿ ಲೆಕ್ಕ ಹಾಕುವವರಿಗೆ 10ರ ಜಾಗದಲ್ಲಿ 7.5 ಸಿಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ಅದೇ ಬಿಲ್ಲೆಯನ್ನು ಉಪ್ಪುನೀರಿನ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದಾಗ ಅದು ಉಬ್ಬಿ ಗಾತ್ರ ಎರಡು ಪಟ್ಟಾಯಿತು ಎನ್ನಿ. ಅಡ್ಡಳತೆ 10 ಮಿಲಿಮೀಟರಿಗೂ ದಪ್ಪ 5 ಮಿಲಿಮೀಟರಿಗೂ ಏರುತ್ತದೆ. ಎಳೆಗಳು ಚದುರಿದ್ದರಿಂದ, ಆದರ್ಶ ಬಲೆಯ ಸಿದ್ಧಾಂತದಂತೆ ಬಿಗಿತ 10ರಿಂದ ಸುಮಾರು 8ಕ್ಕೆ ಇಳಿದಿರುತ್ತದೆ. ಈಗ ಯಾರಾದರೂ ಬಿಲ್ಲೆಯನ್ನು ಮರಳಿ ಅಳೆಯದೆ ಅಚ್ಚಿನ ಅಳತೆಯನ್ನೇ ಸೂತ್ರಕ್ಕೆ ಹಾಕಿದರೆ ಏನಾಗುತ್ತದೆ? ಹಿಗ್ಗಿದ ಅಗಲ ಬಲವನ್ನು ಹೆಚ್ಚಿಸುತ್ತದೆ, ಹೆಚ್ಚಿದ ದಪ್ಪ ಅದನ್ನು ತಗ್ಗಿಸುತ್ತದೆ, ಇಳಿದ ಬಿಗಿತ ಇನ್ನೂ ತಗ್ಗಿಸುತ್ತದೆ. ಮೂರೂ ಸೇರಿ ಸರಿಹೋಗಿ, 0.4 ಮಿಲಿಮೀಟರ್ ಒತ್ತಲು ಮತ್ತೆ ಅದೇ 5 ಗ್ರಾಂ ಸಾಕಾಗುತ್ತದೆ. ಉತ್ತರವೂ ಮತ್ತೆ 10. ಜೆಲ್ ಐದನೇ ಒಂದು ಪಾಲು ಮೆದುವಾಗಿದೆ, ದಾಖಲೆ ಮಾತ್ರ ಏನೂ ಬದಲಾಗಿಲ್ಲ ಎನ್ನುತ್ತದೆ. ಕೋಶಗಳು ಬದುಕಬೇಕಾದದ್ದು ಉಬ್ಬಿದ ಜೆಲ್ಲಿನಲ್ಲಿ, ಅಚ್ಚಿನಿಂದ ಆಗಷ್ಟೇ ತೆಗೆದ ಜೆಲ್ಲಿನಲ್ಲಲ್ಲ.

ಎರಡನೆಯ ತೊಡಕು ನೀರಿನದು. ಜೆಲ್ಲನ್ನು ಥಟ್ಟನೆ ಒತ್ತಿದರೆ ಒಳಗಿನ ನೀರಿಗೆ ಹೊರಬರಲು ಸಮಯವಿಲ್ಲ; ಜೆಲ್ ಗಾತ್ರ ಕಳೆದುಕೊಳ್ಳದೆ ಪಕ್ಕಕ್ಕೆ ಉಬ್ಬುತ್ತದೆ, ಹೆಚ್ಚು ಬಿಗಿ ಎನಿಸುತ್ತದೆ. ಒತ್ತಿ ಹಿಡಿದರೆ ನೀರು ನಿಧಾನವಾಗಿ ಸರಿದು ಹೋಗುತ್ತದೆ, ಭಾರ ಎಳೆಗಳ ಮೇಲೆ ಮಾತ್ರ ಬೀಳುತ್ತದೆ, ಅಳತೆ ಇಳಿಯುತ್ತದೆ. ನೀರು ಸರಿಯಲು ಬೇಕಾದ ಸಮಯ ಒತ್ತುವ ಸಾಧನ ಜೆಲ್ಲನ್ನು ತಾಕಿದ ಅಗಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಮೈಕ್ರೋಮೀಟರ್ ತಾಕಿದಾಗ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನೀರು ಸರಿದರೆ, ಅದೇ ಜೆಲ್ಲನ್ನು ಒಂದು ಮಿಲಿಮೀಟರ್ ಅಗಲದಲ್ಲಿ ತಾಕಿದಾಗ ಹತ್ತು ಸಾವಿರ ಸೆಕೆಂಡು, ಹತ್ತಿರಹತ್ತಿರ ಮೂರು ಗಂಟೆ ಬೇಕು. 1986ರಲ್ಲಿ ಬಂದ ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಗೆ ಅತಿ ಚಿಕ್ಕ ಮಣಿ ಅಂಟಿಸಿ ಜೆಲ್ಲನ್ನು ಚುಚ್ಚುವವರೂ, ಫಲಕಗಳ ನಡುವೆ ಬಿಲ್ಲೆಯನ್ನು ಒತ್ತುವವರೂ ತಾವು ಒಂದೇ ಗುಣವನ್ನು ಅಳೆಯುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಆದರೆ ಮೊದಲನೆಯವರು ನೀರು ಬಸಿದ ಜೆಲ್ಲನ್ನೂ ಎರಡನೆಯವರು ನೀರು ಸಿಕ್ಕಿಕೊಂಡ ಜೆಲ್ಲನ್ನೂ ಅಳೆಯುತ್ತಿರಬಹುದು. ಇದರ ಮೇಲೆ ಸೂಕ್ಷ್ಮದರ್ಶಕದವರಿಗೆ ಬೇರೆ ಎಚ್ಚರಗಳಿವೆ. ಗಾಜಿನ ಮೇಲೆ ತೆಳುವಾಗಿ ಹರಡಿದ ಜೆಲ್ಲನ್ನು ಆಳವಾಗಿ ಚುಚ್ಚಿದರೆ ಕೆಳಗಿನ ಗಾಜಿನ ಬಿಗಿತ ಅಂಕಿಯೊಳಗೆ ನುಸುಳುತ್ತದೆ. ಅದಕ್ಕೇ ದಪ್ಪದ ಹತ್ತನೇ ಒಂದು ಭಾಗ ಮೀರಬಾರದೆಂಬ ವಾಡಿಕೆ. ಬಲವನ್ನು ಬಿಗಿತಕ್ಕೆ ಪರಿವರ್ತಿಸುವ ಸೂತ್ರ ಹೈನ್ರಿಖ್ ಹರ್ಟ್ಸ್ 1880ರ ದಶಕದಲ್ಲಿ ಗಟ್ಟಿ ವಸ್ತುಗಳಿಗಾಗಿ ಕಟ್ಟಿದ್ದು. ಅಂಟಿಕೊಳ್ಳುವ, ನೀರು ಬಿಡುವ ಜೆಲ್ಲಿಗೆ ಅದನ್ನು ಹೊಂದಿಸುವಾಗ ಹಿಂದಿನ ಊಹೆಗಳನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಮೂರನೆಯ ಬಗೆ ರಿಯೋಮೀಟರ್. ಎರಡು ದುಂಡು ಫಲಕಗಳ ನಡುವೆ ಜೆಲ್ಲನ್ನು ಇಟ್ಟು ಮೇಲಿನದನ್ನು ಒಂದಿಷ್ಟೇ ಹಿಂದೆ ಮುಂದೆ ತಿರುಗಿಸಿ, ಜೆಲ್ ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂದು ನೋಡುವುದು. ಅಂಚು ಒಣಗಿದರೆ ಅಂಕಿ ಏರುತ್ತದೆ, ಫಲಕ ಜಾರಿದರೆ ಇಳಿಯುತ್ತದೆ. ಇಲ್ಲಿ ಸಿಗುವುದು ತಿರುಚುವಿಕೆಯ ಬಿಗಿತ. ಒತ್ತಿ ಅಳೆದಾಗ ಸಿಗುವುದು ಯಂಗ್ ಗುಣಾಂಕ. ಗಾತ್ರ ಬದಲಾಗದ ವಸ್ತುವಿನಲ್ಲಿ ಎರಡನೆಯದು ಮೊದಲನೆಯದರ ಮೂರು ಪಟ್ಟು. ಎರಡನ್ನೂ ಕಿಲೊಪಾಸ್ಕಲ್‌ನಲ್ಲೇ ಬರೆಯುವುದರಿಂದ, ಯಾವುದು ಯಾವುದೆಂದು ಹೇಳದಿದ್ದರೆ ಮೂರು ಪಟ್ಟಿನ ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಇಂಥ ಗೊಂದಲ ಆಸ್ಪತ್ರೆಗೂ ಹೊಸದಲ್ಲ. ಲಿವರ್ ಗಟ್ಟಿಯಾಗಿದೆಯೇ ಎಂದು ನೋಡುವ ಫೈಬ್ರೋಸ್ಕ್ಯಾನ್ ಪರೀಕ್ಷೆಯ ವರದಿಯಲ್ಲೂ ಕಿಲೊಪಾಸ್ಕಲ್ ಇರುತ್ತದೆ. ಯಂತ್ರ ಅಳೆಯುವುದು ಲಿವರಿನಲ್ಲಿ ಅಲೆ ಹರಿಯುವ ವೇಗ. ಅದರಿಂದ ಬಿಗಿತವನ್ನು ಲೆಕ್ಕ ಹಾಕುತ್ತದೆ. ಅಲೆ ಸೆಕೆಂಡಿಗೆ 1.5 ಮೀಟರ್ ಹರಿದರೆ ವರದಿಯಲ್ಲಿ ಬರುವ ಯಂಗ್ ಗುಣಾಂಕ 6.75 ಕಿಲೊಪಾಸ್ಕಲ್, ತಿರುಚುವಿಕೆಯ ಬಿಗಿತವಾಗಿ ಬರೆದರೆ 2.25. ಯಕೃತ್ತಿನ ತಜ್ಞರು ಒಂದು ಬಗೆಯ ಯಂತ್ರದ ಅಂಕಿಯನ್ನು ಇನ್ನೊಂದರ ಮಿತಿಗೆ ನೇರವಾಗಿ ಹೋಲಿಸಬಾರದು ಎಂದು ಎಚ್ಚರಿಸುವುದೂ, ಪರೀಕ್ಷೆಗೆ ಮುನ್ನ ಕೆಲವು ಗಂಟೆ ಏನೂ ತಿನ್ನಬೇಡಿ ಎನ್ನುವುದೂ ಅಳೆದ ಬಗೆ ಅಂಕಿಯ ಭಾಗವೇ ಎಂಬ ಅರಿವಿನಿಂದ. ರೋಗಿಯ ಲಿವರಿಗೆ ತೋರುವ ಈ ಎಚ್ಚರವನ್ನು ರೋಗಿಯೊಳಗೆ ಹಾಕಲಿರುವ ಜೆಲ್ಲಿಗೂ ತೋರಬೇಕು.

ಈ ಭಿನ್ನತೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಜೀವಕೋಶಗಳ ಮೇಲೆಯೇ ನಡೆದ ಒಂದು ಪರೀಕ್ಷೆ ಸಾಕ್ಷಿ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಹಲವು ಪ್ರಯೋಗಾಲಯಗಳು ತಮ್ಮ ತಮ್ಮ ವಿಧಾನಗಳಿಂದ ಅಳೆದ ಫಲಿತಾಂಶ 2018ರಲ್ಲಿ ‘ನೇಚರ್ ಮೆಥಡ್ಸ್’ನಲ್ಲಿ ಬಂತು, ಅಂಕಿಗಳ ನಡುವಿನ ವ್ಯತ್ಯಾಸ ಸಾವಿರ ಪಟ್ಟಿನವರೆಗೆ ಇತ್ತು. ಜೀವಂತ ಕೋಶ ತಾನೇ ಬದಲಾಗುವಂಥದು, ಅದು ಒಂದು ಕಾರಣ ನಿಜ. ಆದರೆ ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ವೇಗದಲ್ಲಿ ಒತ್ತಿದರು ಎಂಬುದೂ ಅಷ್ಟೇ ಮುಖ್ಯ ಕಾರಣ. ಇದಕ್ಕೆ ಎದುರಾಗಿ, ಹಿಂದಿನ ವರ್ಷವೇ ಯುರೋಪಿನ ಪ್ರಯೋಗಾಲಯಗಳ ಒಂದು ಜಾಲ ಒಂದು ಆಶಾದಾಯಕ ಕೆಲಸ ಮಾಡಿತ್ತು. ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯ ಸ್ಪ್ರಿಂಗಿನ ಗಡಸುತನವನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ಲೆಕ್ಕ ಹಾಕುವುದೇ ತಪ್ಪಿನ ದೊಡ್ಡ ಮೂಲ ಎಂದು ಗುರುತಿಸಿ, ಆ ಹಂತವನ್ನು ಎಲ್ಲರಿಗೂ ಒಂದೇ ಆಗಿಸಿದಾಗ, ಹೈಡ್ರೋಜೆಲ್ ಮಾದರಿಗಳ ಅಳತೆಯಲ್ಲಿನ ಅಂತರ ಶೇ 1ರವರೆಗೆ ಇಳಿಯಿತು. ಜೆಲ್ಲಿನ ಅಳತೆ ಸ್ವಭಾವತಃ ಕೈಗೆ ಸಿಗದ್ದೇನೂ ಅಲ್ಲ. ವಿಧಾನವನ್ನು ಹೇಳಿ, ಒಪ್ಪಿ, ಪಾಲಿಸಿದರೆ ಸಿಗುತ್ತದೆ.

ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಅವರ ಮೊದಲ ಮಾತು: ಜೀವವಿಜ್ಞಾನಿಗೆ ಬೇಕಾದದ್ದು ಹೋಲಿಕೆ ಮಾತ್ರ, ಒಂದೇ ಪ್ರಯೋಗಾಲಯದಲ್ಲಿ ಒಂದೇ ವಿಧಾನದಿಂದ ಅಳೆದು ಈ ಜೆಲ್ ಮೆದು, ಆ ಜೆಲ್ ಬಿಗಿ ಎಂದರೆ ಸಾಲದೇ? ಒಂದೇ ರಸಾಯನದ ಜೆಲ್ಲುಗಳನ್ನು ತಮ್ಮೊಳಗೇ ಹೋಲಿಸುವಾಗ ಸಾಕು, ಒಪ್ಪುತ್ತೇನೆ. ರಸಾಯನ ಬದಲಾದರೆ ಸಾಲದು. ಪಾಲಿಅಕ್ರಿಲಮೈಡಿನ ಕೊಂಡಿಗಳು ಶಾಶ್ವತ. ಕ್ಯಾಲ್ಸಿಯಂನಿಂದ ಹೆಪ್ಪುಗಟ್ಟಿಸಿದ ಆಲ್ಜಿನೇಟಿನ ಕೊಂಡಿಗಳು ಬಿಚ್ಚಿ ಮತ್ತೆ ಕೂಡುವಂಥವು. ಬೇಗ ಒತ್ತಿದಾಗ ಎರಡನೆಯದು ಹೆಚ್ಚು ಬಿಗಿಯೆನಿಸಿ, ನಿಧಾನಕ್ಕೆ ಒತ್ತಿದಾಗ ಮೊದಲನೆಯದಕ್ಕಿಂತ ಮೆದುವೆನಿಸಬಹುದು; ಸಾಲಿನ ಕ್ರಮವೇ ತಿರುವುಮುರುವಾಗುತ್ತದೆ. ಅಲ್ಲದೆ ಪ್ರಬಂಧಗಳು ಹೋಲಿಕೆಯಲ್ಲಿ ನಿಲ್ಲುವುದೂ ಇಲ್ಲ, ‘ಮಿದುಳಿನಷ್ಟು’, ‘ಸ್ನಾಯುವಿನಷ್ಟು’ ಎಂದು ದೇಹದ ಜೊತೆ ಸಮೀಕರಿಸುತ್ತವೆ. ಮಿದುಳಿನ ಅಂಗಾಂಶಕ್ಕೆ ಬೇರೆಬೇರೆ ವಿಧಾನಗಳು ಕೊಟ್ಟ ಅಂಕಿಗಳೇ ಕೆಲವು ನೂರು ಪಾಸ್ಕಲ್‌ನಿಂದ ಕೆಲವು ಕಿಲೊಪಾಸ್ಕಲ್‌ವರೆಗೆ ಹರಡಿವೆ. ಎರಡೂ ಕಡೆ ಅಳೆದ ಬಗೆ ಗೊತ್ತಿಲ್ಲದಿದ್ದರೆ ಆ ಸಮೀಕರಣಕ್ಕೆ ಆಧಾರವೇ ಇರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ಕೋಶಗಳು ಬಿಗಿತವನ್ನೇ ಓದುತ್ತವೆ ಎಂಬುದೇ ಪೂರ್ತಿ ಸಾಬೀತಾಗಿಲ್ಲವಲ್ಲ? 2012ರಲ್ಲಿ ಬ್ರಿಟ ಟ್ರಾಪ್‌ಮನ್ ಮತ್ತು ಸಂಗಡಿಗರು ಸಿಲಿಕೋನ್ ನೆಲದ ಬಿಗಿತವನ್ನು ಎಷ್ಟು ಬದಲಿಸಿದರೂ ಕಾಂಡಕೋಶಗಳ ನಡತೆ ಬದಲಾಗಲಿಲ್ಲ, ಜೆಲ್ಲಿನಲ್ಲಿ ಮುಖ್ಯವಾದದ್ದು ಅಂಟುವ ಪ್ರೋಟೀನನ್ನು ಎಷ್ಟು ದೂರಕ್ಕೊಮ್ಮೆ ಬಿಗಿದಿದ್ದೇವೆ ಎಂಬುದಿರಬಹುದು ಎಂದರು. 2014ರಲ್ಲಿ ಎಂಗ್ಲರ್ ತಂಡ ಜೆಲ್ಲಿನ ಎಳೆಗಳ ನಡುವಿನ ರಂಧ್ರಗಳನ್ನು ಬದಲಿಸಿ ಬಿಗಿತವನ್ನು ಹಾಗೇ ಇಟ್ಟು, ಕೋಶಗಳು ಬಿಗಿತವನ್ನೇ ಅನುಸರಿಸುತ್ತವೆ ಎಂದು ಮರುನುಡಿಯಿತು. 2016ರಲ್ಲಿ ಓವಿಜಿತ್ ಚೌಧುರಿ, ಡೇವಿಡ್ ಮೂನಿ ಮತ್ತಿತರರು ಆರಂಭದ ಬಿಗಿತ ಒಂದೇ ಇರುವ ಆಲ್ಜಿನೇಟ್ ಜೆಲ್ಲುಗಳಲ್ಲಿ, ಹೇರಿದ ಬಲ ಬೇಗ ಸಡಿಲಗೊಳ್ಳುವ ಜೆಲ್ಲೊಳಗೆ ಕಾಂಡಕೋಶಗಳು ಹೆಚ್ಚು ಹರಡಿ ಮೂಳೆಯ ಕಡೆಗೆ ಹೆಚ್ಚು ಹೊರಳುವುದನ್ನು ತೋರಿಸಿದರು. ಈ ಚರ್ಚೆ ನನ್ನ ವಾದವನ್ನು ಸಡಿಲಿಸುವ ಬದಲು ಗಟ್ಟಿ ಮಾಡುತ್ತದೆ. ಕೋಶ ಸ್ಪಂದಿಸುವುದು ಬಿಗಿತ, ಕಾಲ, ಅಂಟು ಇವುಗಳ ಹೆಣಿಗೆಗೆ. ಒಂದೇ ಕ್ಷಣದಲ್ಲಿ ಒತ್ತಿ ತೆಗೆದ ಒಂದು ಅಂಕಿ ಆ ಹೆಣಿಗೆಯ ಒಂದೇ ಎಳೆಯನ್ನು ಹೇಳುತ್ತದೆ. ಅದು ಯಾವ ಎಳೆ ಎಂದು ದಾಖಲಾಗಿದ್ದರೆ ತಾನೇ ಮುಂದಿನವರು ಉಳಿದದ್ದನ್ನು ಬಿಡಿಸಲು ಸಾಧ್ಯ?

ಮೂರನೆಯ ಮಾತು ಖರ್ಚಿನದು. ಎಲ್ಲರೂ ಒಂದೇ ದುಬಾರಿ ಯಂತ್ರದಿಂದ ಅಳೆಯಬೇಕೆಂದರೆ ಸಣ್ಣ ಕಾಲೇಜುಗಳ ಪ್ರಯೋಗಾಲಯಗಳು ಹೊರಗುಳಿಯುತ್ತವೆ ಎಂಬ ಭಯ ಸಹಜ. ಆದರೆ ಒಂದೇ ವಿಧಾನವನ್ನು ಎಲ್ಲರ ಮೇಲೆ ಹೇರುವುದು ತಪ್ಪು ಪರಿಹಾರ. ಕಣ್ರೆಪ್ಪೆಯ ಪ್ರತಿ ಮಿಟುಕಿಗೂ ಸಿಗುವ ಲೆನ್ಸಿಗೆ ಬೇಕಾದದ್ದು ಥಟ್ಟನೆಯ ಅಳತೆ. ಮೊಣಕಾಲಿನಲ್ಲಿ ಗಂಟೆಗಟ್ಟಲೆ ಭಾರ ಹೊರುವ ಜೆಲ್ಲಿಗೆ ಬೇಕಾದದ್ದು ನೀರು ಸರಿದ ಮೇಲಿನ ಅಳತೆ. ಕೋಶದ ನೆಲಕ್ಕೆ ಬೇಕಾದದ್ದು ಕೋಶದ ಗಾತ್ರದಲ್ಲಿ, ಕೋಶ ಎಳೆಯುವ ನಿಧಾನ ವೇಗದಲ್ಲಿ ತೆಗೆದ ಅಳತೆ. ಬಳಕೆ ಬೇರೆಯಾದರೆ ಸರಿಯಾದ ಪ್ರಶ್ನೆಯೂ ಬೇರೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಅಂಗಾಂಶ ಚಿಕಿತ್ಸೆಯ ಹೈಡ್ರೋಜೆಲ್ಲುಗಳಿಗೆ ಹೊರತಂದಿರುವ ಎಫ್2900 ಎಂಬ ದಾಖಲೆಯೂ ಏನೇನು ಪರೀಕ್ಷಿಸಬೇಕೆಂದು ದಾರಿ ತೋರುವ ಮಾರ್ಗದರ್ಶಿಯೇ. ಬರೆದಿಡುವುದಕ್ಕೆ ದುಡ್ಡು ಬೇಕಿಲ್ಲ. ಒಂದು ಸೂಕ್ಷ್ಮ ತಕ್ಕಡಿ, ಚಪ್ಪಟೆ ಫಲಕ ಮತ್ತು ಸ್ಕ್ರೂಗೇಜ್ ಇದ್ದರೂ ಉಬ್ಬಿದ ಬಿಲ್ಲೆಯ ಅಳತೆ, ಒತ್ತಿದ ವೇಗ, ಉಷ್ಣತೆ, ದ್ರಾವಣ ಇವನ್ನೆಲ್ಲ ಗುರುತು ಹಾಕಿಕೊಂಡ ವಿದ್ಯಾರ್ಥಿಯ ಅಂಕಿ, ಕೋಟಿ ರೂಪಾಯಿಯ ಯಂತ್ರದಿಂದ ಬಂದು ಯಾವ ವಿವರವೂ ಇಲ್ಲದ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ಕೇಳಬೇಕಾದದ್ದು ಬಹಳವೇನಿಲ್ಲ. ಜೆಲ್ ಅಚ್ಚಿನಿಂದ ತೆಗೆದ ತಕ್ಷಣ ಅಳೆದದ್ದೋ ಪೂರ್ತಿ ಉಬ್ಬಿದ ಮೇಲೋ. ಯಾವ ದ್ರಾವಣದಲ್ಲಿ, ಎಷ್ಟು ಉಷ್ಣತೆಯಲ್ಲಿ. ಯಂಗ್ ಗುಣಾಂಕವೋ ತಿರುಚುವಿಕೆಯದೋ. ಸಾಧನದ ಆಕಾರ, ತಾಕಿದ ಅಗಲ, ಒತ್ತಿದ ಆಳ, ವೇಗ. ಲೆಕ್ಕಕ್ಕೆ ಬಳಸಿದ ಸೂತ್ರ ಮತ್ತು ಅದರ ಊಹೆಗಳು. ಎಷ್ಟು ಮಾದರಿಗಳು, ಅವುಗಳ ನಡುವೆ ಎಷ್ಟು ಅಂತರ. ಒಂದು ಪ್ಯಾರಾದಲ್ಲಿ ಮುಗಿಯುವ ವಿವರ ಇದು. ಇದನ್ನು ಪತ್ರಿಕೆಗಳ ಸಂಪಾದಕರು ಪ್ರಬಂಧ ಒಪ್ಪುವ ಮುನ್ನ, ಹಣ ಕೊಡುವ ಸಂಸ್ಥೆಗಳು ಯೋಜನೆಯ ವರದಿಯಲ್ಲಿ, ನಿಯಂತ್ರಣ ಸಂಸ್ಥೆಗಳು ಪರವಾನಗಿಯ ಅರ್ಜಿಯಲ್ಲಿ ಕಡ್ಡಾಯ ಮಾಡಲಿ. ಒಂದು ಪ್ರಯೋಗಾಲಯದಲ್ಲಿ ಗಾಯ ಮಾಗಿಸಿದ ಜೆಲ್ ಇನ್ನೊಂದು ಕಡೆ ವಿಫಲವಾದಾಗ ತಪ್ಪು ಜೀವಶಾಸ್ತ್ರದ್ದೋ, ಜೆಲ್ಲೇ ಬೇರೆಯಾಗಿತ್ತೋ ಎಂಬುದನ್ನು ಆ ಒಂದು ಪ್ಯಾರಾ ಮಾತ್ರ ಹೇಳಬಲ್ಲದು. ಅದು ಇಲ್ಲದಿದ್ದರೆ ವರ್ಷಗಳ ದುಡಿಮೆ ಮತ್ತೆ ಮೊದಲಿನಿಂದ ಶುರುವಾಗಬೇಕು. ಅಷ್ಟು ಕಾಲ ಚಿಕಿತ್ಸೆಗಾಗಿ ಕಾಯುತ್ತಿರುವವರು ಕಾಯುತ್ತಲೇ ಇರಬೇಕು.